ಅಕ್ಕಪಕ್ಕದ ಆಂಟೆನಾಗಳ ಜಗ್ಗಾಟ

(ಒಂದು ಸಾರ್ವಜನಿಕ ಉಪನ್ಯಾಸದಲ್ಲಿ ಆಡಿದ ಮಾತುಗಳನ್ನು ಬರಹಕ್ಕೆ ಇಳಿಸಿದ್ದೇನೆ. ಹಲಗೆಯ ಮೇಲೆ ಬರೆದ ಲೆಕ್ಕಗಳನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಮಾತು ಶುರು ಮಾಡುವ ಮೊದಲು ಎರಡು ಕುರ್ಚಿಗಳ ನಡುವೆ ಒಂದು ದಾರ ಕಟ್ಟಿದೆ. ಆ ದಾರಕ್ಕೆ ಒಂದೇ ಉದ್ದದ ಎರಡು ಲೋಲಕಗಳನ್ನು ಇಳಿಬಿಟ್ಟೆ. ಒಂದನ್ನು ಮಾತ್ರ ತೂಗಿಬಿಟ್ಟೆ. ಇನ್ನೊಂದನ್ನು ಯಾರೂ ಮುಟ್ಟಲಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ಅದೂ ಮೆಲ್ಲಗೆ ಅಲುಗತೊಡಗಿತು. ನೋಡನೋಡುತ್ತಿದ್ದಂತೆ ಅದರ ತೂಗಾಟ ಜಾಸ್ತಿ ಆಯಿತು, ಮೊದಲನೆಯದು ನಿಂತೇ ಹೋಯಿತು. ಆಮೇಲೆ ಎಲ್ಲ ಉಲ್ಟಾ. ಶಕ್ತಿ ವಾಪಸ್ ಮೊದಲನೆಯದಕ್ಕೆ ಬಂತು.

ಆಂಟೆನಾ ಅರೇಯಲ್ಲಿ ನಡೆಯುವುದೂ ಇದೇ. ದಾರ ಮಾತ್ರ ಕಣ್ಣಿಗೆ ಕಾಣುವುದಿಲ್ಲ.

ಅರೇ ಅಂದರೆ ಸಾಲಾಗಿ ನಿಲ್ಲಿಸಿದ ಚಿಕ್ಕ ಚಿಕ್ಕ ಆಂಟೆನಾಗಳ ಗುಂಪು. ಪ್ರತಿಯೊಂದಕ್ಕೂ ಕೊಡುವ ಸಿಗ್ನಲ್‌ನ ಫೇಸ್ ಅನ್ನು, ಅಂದರೆ ಅಲೆ ಏಳುಬೀಳುವ ಹೊತ್ತಿನ ಹಿಂದುಮುಂದನ್ನು, ಸ್ವಲ್ಪ ಸ್ವಲ್ಪ ಬದಲಿಸಿದರೆ ಸಾಕು, ಯಾವ ಆಂಟೆನಾವನ್ನೂ ತಿರುಗಿಸದೆ ಇಡೀ ಕಿರಣವನ್ನು ಬೇಕಾದ ಕಡೆಗೆ ತಿರುಗಿಸಬಹುದು. ರಾಡಾರ್, 5ಜಿ ಗೋಪುರ, ಉಪಗ್ರಹ ಸಂಪರ್ಕ, ರೇಡಿಯೋ ದೂರದರ್ಶಕ, ಎಲ್ಲ ಕಡೆಯೂ ಇದೇ ತಂತ್ರ. ಈ ಆಂಟೆನಾಗಳು ತೀರ ದೂರ ದೂರ ಇರುವ ಹಾಗಿಲ್ಲ. ಅವುಗಳ ನಡುವಿನ ಅಂತರ ತರಂಗದೂರದ (ಅಲೆಯ ಒಂದು ಶಿಖರದಿಂದ ಮುಂದಿನ ಶಿಖರಕ್ಕಿರುವ ದೂರದ) ಅರ್ಧಕ್ಕಿಂತ ಹೆಚ್ಚುತ್ತಾ ಹೋದರೆ, ಕಿರಣವನ್ನು ಓರೆಗೆ ತಿರುಗಿಸಿದಾಗ ಬೇಡದ ದಿಕ್ಕಿನಲ್ಲಿ ಅಷ್ಟೇ ಜೋರಾದ ಇನ್ನೊಂದು ಕಿರಣ ಹುಟ್ಟಿಕೊಳ್ಳುತ್ತದೆ. ಹಾಗಾಗಿ ಅರ್ಧ ತರಂಗದೂರ ಅನ್ನುವುದು ಈ ಕೆಲಸದಲ್ಲಿ ಬಹುಮಟ್ಟಿಗೆ ಕಟ್ಟಳೆಯೇ ಆಗಿದೆ. 3.5 ಗಿಗಾಹರ್ಟ್ಸ್‌ನಲ್ಲಿ ಅದು ಸುಮಾರು 4.3 ಸೆಂಟಿಮೀಟರ್. 28 ಗಿಗಾಹರ್ಟ್ಸ್‌ನಲ್ಲಿ ಸುಮಾರು 5.4 ಮಿಲಿಮೀಟರ್. ಇಷ್ಟು ಹತ್ತಿರ ಕೂತ ಮೇಲೆ ಒಂದರ ಅಲೆ ಇನ್ನೊಂದಕ್ಕೆ ತಾಗದೇ ಇರುತ್ತದೆಯೇ? ತಾಗುತ್ತದೆ. ಅದಕ್ಕೆ ಮ್ಯೂಚುವಲ್ ಕಪ್ಲಿಂಗ್ ಅನ್ನುತ್ತಾರೆ. ನಾನು ಇಲ್ಲಿ ಸುಮ್ನೆ ಕಪ್ಲಿಂಗ್ ಅನ್ನುತ್ತೇನೆ.

ಇದರ ಲೆಕ್ಕ ಹೊಸದಲ್ಲ. ಎರಡು ಡೈಪೋಲ್‌ಗಳ (ನೇರ ಕಡ್ಡಿಯಂಥ ಸರಳ ಆಂಟೆನಾಗಳ) ನಡುವಿನ ಕಪ್ಲಿಂಗ್ ಎಷ್ಟು ಅಂತ ಪಿ. ಎಸ್. ಕಾರ್ಟರ್ 1932ರಲ್ಲೇ ಸೂತ್ರ ಕಟ್ಟಿ ತೋರಿಸಿದ್ದರು. ಅರ್ಧ ತರಂಗದೂರ ಉದ್ದದ ಒಂದು ಡೈಪೋಲ್ ಒಂಟಿಯಾಗಿದ್ದಾಗ ಅದರ ರೆಸಿಸ್ಟೆನ್ಸ್ ಸುಮಾರು 73 ಓಮ್. ಅಂಥದ್ದೇ ಇನ್ನೊಂದನ್ನು ಅರ್ಧ ತರಂಗದೂರದಲ್ಲಿ ಪಕ್ಕಕ್ಕೆ ನಿಲ್ಲಿಸಿ. ಎರಡನ್ನೂ ಒಂದೇ ಫೇಸ್‌ನಲ್ಲಿ ನಡೆಸಿದರೆ ಪ್ರತಿಯೊಂದರ ರೆಸಿಸ್ಟೆನ್ಸ್ 60 ಓಮ್ ಆಸುಪಾಸಿಗೆ ಇಳಿಯುತ್ತದೆ. ವಿರುದ್ಧ ಫೇಸ್ ಕೊಟ್ಟರೆ 85ರ ಮೇಲೆ ಏರುತ್ತದೆ. ಆಂಟೆನಾ ಅದೇ, ತಂತಿ ಅದೇ. ಪಕ್ಕದವನು ಏನು ಮಾಡುತ್ತಿದ್ದಾನೆ ಅನ್ನುವುದರ ಮೇಲೆ ನಮ್ಮ ಆಂಟೆನಾದ ಗುಣವೇ ಬದಲಾಯಿತು, ಅಲ್ವಾ? ಕಿರಣ ತಿರುಗಿಸುವುದು ಅಂದರೆ ಫೇಸ್ ಬದಲಿಸುವುದು. ಅಂದರೆ ಕಿರಣ ತಿರುಗಿದ ಹಾಗೆಲ್ಲ ಪ್ರತಿ ಆಂಟೆನಾದ ಇಂಪಿಡೆನ್ಸ್ (ಕರೆಂಟಿಗೆ ಅದು ಒಡ್ಡುವ ಒಟ್ಟು ಅಡ್ಡಿ) ಕೂಡ ತಿರುಗುತ್ತಾ ಇರುತ್ತದೆ. ಅದರ ಹಿಂದೆ ನಿಂತ ಪವರ್ ಆಂಪ್ಲಿಫೈಯರ್‌ಗೆ ಎದುರಿನ ಲೋಡ್ ಒಂದೇ ಸಮ ಇರುವುದಿಲ್ಲ, ಅದು ಸಿಗ್ನಲ್ಲನ್ನು ಕೆಡಿಸಲು ಶುರು ಮಾಡುತ್ತದೆ. 64 ಚಾನೆಲ್ ಇರುವ ಪೆಟ್ಟಿಗೆಯಲ್ಲಿ ಪ್ರತಿ ಆಂಪ್ಲಿಫೈಯರ್‌ಗೂ ವಾಪಸ್ ಬರುವ ಶಕ್ತಿಯನ್ನು ತಡೆಯುವ ಒಂದೊಂದು ಐಸೊಲೇಟರ್ ತುರುಕಲು ಜಾಗವೂ ಇರುವುದಿಲ್ಲ.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕಿ ತೋರಿಸಿದೆ. ನನ್ನ ಅನುಭವದಲ್ಲಿ ಎಂಜಿನಿಯರ್‌ಗಳನ್ನೂ ಇದು ಬೆಚ್ಚಿಬೀಳಿಸುತ್ತದೆ.

ಪಕ್ಕದ ಆಂಟೆನಾಗೆ ಹೋಗುವ ಶಕ್ತಿ ಮೈನಸ್ 15 ಡೆಸಿಬೆಲ್ ಅಂತ ಇಟ್ಟುಕೊಳ್ಳಿ. ಅಂದರೆ ನೂರಕ್ಕೆ ಮೂರು ಪಾಲು. ‘ಬರೀ ಮೂರು ಪರ್ಸೆಂಟ್, ಬಿಡಿ’ ಅನ್ನಿಸುತ್ತದೆ. ಆದರೆ ಅರೇಯ ನಡುವೆ ಕೂತ ಆಂಟೆನಾಗೆ ಎಡ, ಬಲ, ಮೇಲೆ, ಕೆಳಗೆ ಅಂತ ನಾಲ್ಕು ಜನ ನೆರೆಯವರು. ನಾಲ್ವರಿಂದಲೂ ಅಲೆ ಬರುತ್ತದೆ. ಕೂಡುವುದು ಶಕ್ತಿಯಲ್ಲ, ಅಲೆಯ ಎತ್ತರ. ಎತ್ತರದ ವರ್ಗವೇ ಶಕ್ತಿ. ಕಳಿಸಿದ ಅಲೆಯ ಎತ್ತರ 1 ಅಂದರೆ, ಮೂರು ಪರ್ಸೆಂಟ್ ಶಕ್ತಿಯ ಅಲೆಗೆ ಎತ್ತರ ಸುಮಾರು 0.178. ಯಾವುದೋ ಒಂದು ದಿಕ್ಕಿಗೆ ಕಿರಣ ತಿರುಗಿಸಿದಾಗ ಈ ನಾಲ್ಕೂ ಒಂದೇ ಫೇಸ್‌ನಲ್ಲಿ ಬಂದು ಸೇರಿದರೆ ಒಟ್ಟು ಎತ್ತರ 0.71. ಅದರ ವರ್ಗ ಸುಮಾರು 0.5. ಅಂದರೆ ಕಳಿಸಿದ ಶಕ್ತಿಯ ಅರ್ಧದಷ್ಟು ವಾಪಸ್! ಅದೇ ಕಪ್ಲಿಂಗ್ ಅನ್ನು ಮೈನಸ್ 25ಕ್ಕೆ ಇಳಿಸಿದರೆ ವಾಪಸ್ ಬರುವುದು ನೂರಕ್ಕೆ ಐದು ಮಾತ್ರ. ಹತ್ತು ಡೆಸಿಬೆಲ್‌ಗೆ ಇಷ್ಟು ಬೆಲೆ ಇದೆ. ದೊಡ್ಡ ಅರೇಗಳಲ್ಲಿ ಕೆಲವು ಕೋನಗಳಲ್ಲಿ ಬಹುತೇಕ ಎಲ್ಲ ಶಕ್ತಿಯೂ ಹಿಂದಕ್ಕೆ ಬಂದು, ಆ ದಿಕ್ಕಿಗೆ ಅರೇ ಕುರುಡೇ ಆಗಿಬಿಡುವುದುಂಟು. ಅದಕ್ಕೆ ಸ್ಕ್ಯಾನ್ ಬ್ಲೈಂಡ್‌ನೆಸ್ ಅಂತಲೇ ಹೆಸರು.

ಸರಿ, ಹಾಗಾದರೆ ಕಪ್ಲಿಂಗ್ ಅನ್ನು ಪೂರ್ತಿ ಅಳಿಸಿಬಿಡೋಣ ಅನ್ನುತ್ತೀರಿ. ಇಲ್ಲೇ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತೆ. ಯಾಕೆಂದರೆ ಈ ಒಂದು ವಿಷಯ ಮನಸ್ಸಿಗೆ ಹತ್ತಿದರೆ ಮಿಕ್ಕ ತಂತ್ರಗಳೆಲ್ಲ ತಾವಾಗಿ ಅರ್ಥವಾಗುತ್ತವೆ.

ಹೀಗೆ ಯೋಚಿಸಿ. ಎರಡು ಆಂಟೆನಾಗಳಿವೆ. ಶಾಖವಾಗಿ ಒಂದಿಷ್ಟೂ ನಷ್ಟವಿಲ್ಲ. ಎರಡೂ ಬಹುತೇಕ ಒಂದೇ ಜಾಗದಲ್ಲಿವೆ. ಎಲ್ಲ ದಿಕ್ಕಿಗೂ ಒಂದೇ ರೀತಿಯ ಅಲೆ ಕಳಿಸುತ್ತವೆ. ಅವುಗಳ ನಡುವೆ ಕಪ್ಲಿಂಗ್ ಇಲ್ಲವೇ ಇಲ್ಲ ಅಂತ ಊಹಿಸಿಕೊಳ್ಳೋಣ. ಈಗ ಎರಡಕ್ಕೂ ಒಂದೇ ಫೇಸ್‌ನಲ್ಲಿ ತಲಾ 1 ವ್ಯಾಟ್ ಕೊಡಿ. ಹೊರಗೆ ಎರಡು ಅಲೆಗಳೂ ಎಲ್ಲ ದಿಕ್ಕಿನಲ್ಲೂ ಕೂಡಿಕೊಳ್ಳುತ್ತವೆ. ಎತ್ತರ ಎರಡು ಪಟ್ಟು, ಹಾಗಾಗಿ ಶಕ್ತಿ ನಾಲ್ಕು ಪಟ್ಟು. ಕೊಟ್ಟಿದ್ದು 2 ವ್ಯಾಟ್, ಹೊರಗೆ ಬಂದಿದ್ದು 4 ವ್ಯಾಟ್! ಇದು ಸಾಧ್ಯವೇ? ಇಲ್ಲ. ಹಾಗಾದರೆ ನಮ್ಮ ಊಹೆಯೇ ತಪ್ಪು. ಒಂದೇ ಥರ ಅಲೆ ಕಳಿಸುವ ಎರಡು ಆಂಟೆನಾಗಳ ನಡುವೆ ಕಪ್ಲಿಂಗ್ ಇರಲೇಬೇಕು. ಇಲ್ಲದಿದ್ದರೆ ಶಕ್ತಿಯ ಲೆಕ್ಕ ಸರಿಹೋಗುವುದಿಲ್ಲ.

ಸೀಮೋರ್ ಸ್ಟೈನ್ 1962ರಲ್ಲಿ ಈ ನಿಯಮವನ್ನು ಕರಾರುವಾಕ್ಕಾಗಿ ಬರೆದಿಟ್ಟರು. ಅವರು ನೋಡಿದ್ದು ಒಂದೇ ಆಂಟೆನಾದಿಂದ ಹೊರಡುವ ಹಲವು ಕಿರಣಗಳ ನಡುವಿನ ಕಪ್ಲಿಂಗ್ ಅನ್ನು. ಆದರೆ ವಾದ ಇಲ್ಲಿಗೂ ಸಲ್ಲುತ್ತದೆ. ಎರಡು ಆಂಟೆನಾಗಳ ಅಲೆಯ ನಕ್ಷೆಗಳು ಎಷ್ಟು ಹೋಲುತ್ತವೆ ಅನ್ನುವುದಕ್ಕೂ ಕಪ್ಲಿಂಗ್‌ಗೂ ನೇರ ನಂಟಿದೆ. ಹಾಗಾಗಿ ಕಪ್ಲಿಂಗ್ ಅನ್ನು ತೂತು ಬಿದ್ದ ಪೈಪಿನ ಸೋರಿಕೆಯ ಹಾಗೆ ನೋಡಬೇಡಿ. ತೂತು ಮುಚ್ಚಿದರೆ ಮುಗಿಯಿತು ಅನ್ನುವಂಥದ್ದಲ್ಲ ಇದು. ಕಪ್ಲಿಂಗ್ ಕಡಿಮೆ ಮಾಡುವುದು ಅಂದರೆ ಆ ಎರಡು ಆಂಟೆನಾಗಳು ಬೇರೆ ಬೇರೆ ರೀತಿಯಲ್ಲಿ ಅಲೆ ಕಳಿಸುವ ಹಾಗೆ ಮಾಡುವುದು.

ಅದಕ್ಕೆ ಬೆಲೆ ಎಷ್ಟು? ಮತ್ತೆ ಡೈಪೋಲ್‌ಗೆ ಬನ್ನಿ. ಅಂತರವನ್ನು ತರಂಗದೂರದ ಹತ್ತನೇ ಒಂದು ಭಾಗಕ್ಕೆ ಇಳಿಸಿದೆವು ಅನ್ನಿ. ವಿರುದ್ಧ ಫೇಸ್‌ನಲ್ಲಿ ನಡೆಸಿದರೆ 73 ಓಮ್ ಇದ್ದದ್ದು ಸುಮಾರು 6 ಓಮ್ ಆಗುತ್ತದೆ. ಅಷ್ಟೇ ಶಕ್ತಿ ಹೊರಗೆ ಹೋಗಬೇಕಾದರೆ ಕರೆಂಟ್ ಮೂರೂವರೆ ಪಟ್ಟು ಹರಿಯಬೇಕು. ತಂತಿಯ ಬಿಸಿ ಹನ್ನೆರಡು ಪಟ್ಟು ಏರುತ್ತದೆ. ಕೆಲಸ ಮಾಡುವ ಫ್ರೀಕ್ವೆನ್ಸಿಯ ಹರವು ಕಿರಿದಾಗುತ್ತದೆ. ತೀರ ಹತ್ತಿರ ಕೂತ ಆಂಟೆನಾಗಳನ್ನು ಬೇರೆ ಬೇರೆ ಮಾಡುವ ಯಾವ ಸರ್ಕ್ಯೂಟ್ ಆದರೂ ಈ ತೆರಿಗೆ ಕಟ್ಟಲೇಬೇಕು. ಒಂದೇ ಒಂದು ಫ್ರೀಕ್ವೆನ್ಸಿಯಲ್ಲಿ ಮೈನಸ್ 50 ಡೆಸಿಬೆಲ್ ಬಂತು ಅಂತ ಯಾರಾದರೂ ಆಳವಾದ ಗುಂಡಿಯ ಗ್ರಾಫ್ ತೋರಿಸಿದರೆ ನಾನು ಮೊದಲು ನೋಡುವುದು ಆ ಗುಂಡಿಯ ಅಗಲವನ್ನು.

ಇನ್ನು ಮದ್ದಿನ ಮಾತು. ಮದ್ದಿಗಿಂತ ಮೊದಲು ದಾರಿ ಗೊತ್ತಾಗಬೇಕು. ಅಲೆ ಒಂದರಿಂದ ಇನ್ನೊಂದಕ್ಕೆ ಯಾವ ದಾರಿಯಲ್ಲಿ ಹೋಗುತ್ತಿದೆ? ನೇರ ಗಾಳಿಯಲ್ಲಿ ಹೋಗಬಹುದು. ಆಂಟೆನಾಗಳನ್ನು ಕೂರಿಸಿದ ಬೋರ್ಡಿನ ಒಳಗೇ ಹರಿಯಬಹುದು. ಕೆಳಗಿನ ಗ್ರೌಂಡ್ ಪ್ಲೇನ್ (ಬೋರ್ಡಿನ ತಳದ ತಾಮ್ರದ ಹಾಳೆ) ಮೇಲೆ ಕರೆಂಟ್ ಆಗಿ ಓಡಬಹುದು. ಎರಡಕ್ಕೂ ಸಿಗ್ನಲ್ ಹಂಚುವ ಲೈನ್‌ಗಳಲ್ಲೇ ದಾಟಬಹುದು. ಬೋರ್ಡಿನ ಒಳಗೆ ಹರಿಯುವುದಕ್ಕೆ ಮೇಲ್ಮೈ ಅಲೆ ಅನ್ನೋಣ. ತಾಮ್ರದ ಹಾಳೆಯ ಮೇಲೆ ಡೈಎಲೆಕ್ಟ್ರಿಕ್ (ಕರೆಂಟ್ ಹರಿಯದ ವಸ್ತುವಿನ) ಪದರ ಎಷ್ಟೇ ತೆಳುವಾಗಿದ್ದರೂ ಒಂದು ಬಗೆಯ ಮೇಲ್ಮೈ ಅಲೆ ಹರಿದೇ ಹರಿಯುತ್ತದೆ. ಪದರ ದಪ್ಪವಾದಷ್ಟೂ ಅದಕ್ಕೆ ಹೋಗುವ ಪಾಲು ಜಾಸ್ತಿ. ಗಾಳಿಯಲ್ಲಿ ಎಲ್ಲ ಕಡೆಗೆ ಹರಡುವ ಅಲೆಯ ಶಕ್ತಿ ದೂರ ಎರಡು ಪಟ್ಟಾದರೆ ಕಾಲು ಭಾಗಕ್ಕೆ ಇಳಿಯುತ್ತದೆ. ಬೋರ್ಡಿನಲ್ಲಿ ಸಿಕ್ಕಿಕೊಂಡ ಅಲೆ ಅರ್ಧಕ್ಕೆ ಮಾತ್ರ ಇಳಿಯುತ್ತದೆ. ಹಾಗಾಗಿ ದಪ್ಪ ಬೋರ್ಡಿನ ದೊಡ್ಡ ಅರೇಯಲ್ಲಿ ದೂರದ ನೆರೆಯವರ ಕಾಟಕ್ಕೆ ಹೆಚ್ಚಾಗಿ ಇದೇ ಕಾರಣ.

ಮೇಲ್ಮೈ ಅಲೆಗೆ ತಡೆ ಒಡ್ಡುವ ಚಂದದ ಉಪಾಯ ಒಂದಿದೆ. ಬೋರ್ಡಿನ ಮೇಲೆ ಚಿಕ್ಕ ಚೌಕಾಕಾರದ ತಾಮ್ರದ ತುಂಡುಗಳು. ಪ್ರತಿಯೊಂದರ ನಡುವಿನಿಂದ ಕೆಳಗಿನ ಗ್ರೌಂಡ್‌ಗೆ ಒಂದು ಕಂಬ. ಪಕ್ಕದಿಂದ ನೋಡಿದರೆ ಅಣಬೆಗಳ ಸಾಲು. 1999ರಲ್ಲಿ ಡ್ಯಾನ್ ಸೀವನ್‌ಪೈಪರ್ ಮತ್ತು ಜೊತೆಗಾರರು ಇದನ್ನು ಪ್ರಕಟಿಸಿದರು. ಅಕ್ಕಪಕ್ಕದ ತುಂಡುಗಳ ನಡುವಿನ ಸಂದು ಕೆಪ್ಯಾಸಿಟರ್‌ನಂತೆ, ಕಂಬದ ಸುತ್ತಿನ ದಾರಿ ಇಂಡಕ್ಟರ್‌ನಂತೆ ಕೆಲಸ ಮಾಡುತ್ತವೆ. ಒಂದು ಫ್ರೀಕ್ವೆನ್ಸಿ ಪಟ್ಟಿಯಲ್ಲಿ ಮೇಲ್ಮೈ ಅಲೆ ಮುಂದಕ್ಕೆ ಹೋಗಲಾರದು. 2003ರಲ್ಲಿ ಫಾನ್ ಯಾಂಗ್ ಮತ್ತು ಯಾಹ್ಯಾ ರಹಮತ್-ಸಮಿ ಎರಡು ಪ್ಯಾಚ್ ಆಂಟೆನಾಗಳ (ಬೋರ್ಡಿನ ಮೇಲಿನ ಚಪ್ಪಟೆ ಲೋಹದ ತುಂಡಿನಂಥ ಆಂಟೆನಾಗಳ) ನಡುವೆ ಈ ಅಣಬೆಗಳನ್ನು ನಾಲ್ಕು ಸಾಲು ಹಾಕಿ ಕಪ್ಲಿಂಗ್ ಅನ್ನು ಸುಮಾರು 8 ಡೆಸಿಬೆಲ್ ಇಳಿಸಿದರು. ಶಕ್ತಿಯ ಲೆಕ್ಕದಲ್ಲಿ ಆರನೇ ಒಂದು ಭಾಗಕ್ಕೆ ಬಂತು. ಆದರೆ ಅಣಬೆಗಳಿಗೆ ಜಾಗ ಬೇಕು. ಅರ್ಧ ತರಂಗದೂರದ ಇಕ್ಕಟ್ಟಿನಲ್ಲಿ ನಾಲ್ಕು ಸಾಲು ಎಲ್ಲಿ ಹಿಡಿಸುತ್ತದೆ? ಸಾಲು ಕಡಿಮೆ ಮಾಡಿದರೆ ತಡೆಯೂ ಕಡಿಮೆ.

ಗ್ರೌಂಡ್ ಪ್ಲೇನ್‌ನಲ್ಲಿ ಸೀಳು ಕೊಯ್ದು ಕರೆಂಟಿನ ದಾರಿ ಕಡಿಯುವುದು ಇನ್ನೊಂದು ವಿಧಾನ. ಮಾಡುವುದು ಸುಲಭ, ಖರ್ಚೂ ಇಲ್ಲ. ನನಗೆ ಮಾತ್ರ ಅದು ಅಷ್ಟಾಗಿ ಇಷ್ಟವಿಲ್ಲ. ಸೀಳು ತಾನೇ ಒಂದು ಆಂಟೆನಾ. ಅದು ಹಿಂದಕ್ಕೆ ಅಲೆ ಬಿಡುತ್ತದೆ, ಹಿಂದೆ ಇರುವುದು ನಮ್ಮದೇ ಸರ್ಕ್ಯೂಟ್.

ನನ್ನ ಮನಸ್ಸಿಗೆ ಹತ್ತಿರವಾದದ್ದು ಬೇರೆ ಜಾತಿಯ ಉಪಾಯ. ತಡೆಯುವ ಬದಲು, ಬೇಕಂತಲೇ ಎರಡನೇ ದಾರಿ ಕೊಡುವುದು! ಮೊದಲ ದಾರಿಯಲ್ಲಿ ಬಂದ ಅಲೆಗೆ ಸರಿಯಾಗಿ ವಿರುದ್ಧವಾದ ಅಲೆ ಎರಡನೇ ದಾರಿಯಲ್ಲಿ ಬರಬೇಕು. ಎರಡೂ ಸೇರಿ ಸೊನ್ನೆ. ಫ್ರಾನ್ಸಿನ ನೀಸ್ ವಿಶ್ವವಿದ್ಯಾಲಯದ ಗುಂಪೊಂದು 2006ರಲ್ಲಿ ಮೊಬೈಲ್ ಫೋನಿನ ಎರಡು ಆಂಟೆನಾಗಳನ್ನು ಒಂದು ಸಣ್ಣ ಲೋಹದ ಪಟ್ಟಿಯಿಂದ ನೇರವಾಗಿ ಜೋಡಿಸಿತು. ಬೇರೆ ಮಾಡಬೇಕಾದ ಎರಡನ್ನು ಜೋಡಿಸುವುದೇ? ಕೇಳಿದರೆ ವಿಚಿತ್ರ ಅನ್ನಿಸುತ್ತದೆ. ಆದರೆ ಪಟ್ಟಿಯ ಉದ್ದ ಮತ್ತು ಅಂಟಿಸಿದ ಜಾಗ ಸರಿಯಾಗಿದ್ದರೆ ಕಪ್ಲಿಂಗ್ ಇಳಿಯುತ್ತದೆ. ದೊಡ್ಡ ಅರೇಗಳಿಗೆ ಇದೇ ಯೋಚನೆಯನ್ನು ಹಾಂಗ್‌ಕಾಂಗ್‌ನ ಚೈನೀಸ್ ಯೂನಿವರ್ಸಿಟಿಯ ಕೆ-ಲಿ ವು ಅವರ ಗುಂಪು 2017ರಲ್ಲಿ ಬೇರೆ ರೂಪದಲ್ಲಿ ತಂದಿತು. ಅರೇಯ ಮೇಲೆ ಸ್ವಲ್ಪ ಎತ್ತರದಲ್ಲಿ ಒಂದು ತೆಳು ಹಾಳೆ. ಅದರ ಮೇಲೆ ಲೋಹದ ಚಿಕ್ಕ ತುಂಡುಗಳು. ಅವು ಒಂದಿಷ್ಟು ಅಲೆಯನ್ನು ಕೆಳಕ್ಕೆ ಪ್ರತಿಫಲಿಸುತ್ತವೆ. ಆ ಪ್ರತಿಫಲನ ನೆರೆಯ ಆಂಟೆನಾವನ್ನು ಮುಟ್ಟುವ ಹೊತ್ತಿಗೆ, ನೇರವಾಗಿ ಬಂದ ಅಲೆಗೆ ಎದುರು ಫೇಸ್‌ನಲ್ಲಿರುತ್ತದೆ. ಆಂಟೆನಾಗಳನ್ನು ಮುಟ್ಟುವ ಅಗತ್ಯವೇ ಇಲ್ಲ. ಇದರ ಸೊಗಸು ನನಗೆ ಇವತ್ತಿಗೂ ಹಳತಾಗಿಲ್ಲ.

ಆಸ್ಪತ್ರೆಯ ಎಂಆರ್‌ಐ ಯಂತ್ರದಲ್ಲೂ ಇದರ ಸೋದರ ಸಂಬಂಧಿ ಇದೆ. ದೇಹದ ಮೇಲೆ ಹೊದಿಸುವ ಕಾಯಿಲ್‌ನಲ್ಲಿ ಹಲವು ಸುರುಳಿಗಳಿರುತ್ತವೆ. ಪಕ್ಕಪಕ್ಕದ ಸುರುಳಿಗಳನ್ನು ದೂರ ಇಡುವ ಬದಲು ಒಂದರ ಮೇಲೊಂದು ಸ್ವಲ್ಪ ಹತ್ತಿಸುತ್ತಾರೆ. ಒಂದು ಸುರುಳಿಯ ಒಳಗಿನ ಕಾಂತಕ್ಷೇತ್ರ ಒಂದು ದಿಕ್ಕಿಗೆ, ಹೊರಗಿನದು ಎದುರು ದಿಕ್ಕಿಗೆ. ಹತ್ತಿಸಿದ ಅಳತೆ ಸರಿಯಾಗಿದ್ದರೆ ಎರಡೂ ಒಂದನ್ನೊಂದು ಕಳೆದುಹಾಕುತ್ತವೆ. ರೋಮರ್ ಮತ್ತು ಸಂಗಡಿಗರು 1990ರಲ್ಲಿ ಬರೆದದ್ದು ಇದನ್ನೇ. ಒಂದನ್ನೊಂದು ಸರಿದೂಗಿಸಲು ಹತ್ತಿರ ಬರುವುದೂ ಒಂದು ದಾರಿ ಅಂತ ಇದರಿಂದ ಗೊತ್ತಾಗುತ್ತದೆ.

ಆಂಟೆನಾವನ್ನು ಹಾಗೇ ಬಿಟ್ಟು ಲೆಕ್ಕದಲ್ಲೇ ಸರಿಪಡಿಸಬಾರದೇ ಅಂತ ಸಭೆಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದರು. ಒಳ್ಳೆಯ ಪ್ರಶ್ನೆ. ಸಿಗ್ನಲ್ ಬಂದ ದಿಕ್ಕನ್ನು ಕಂಡುಹಿಡಿಯುವ ಕೆಲಸಕ್ಕೆ ಇದು ಚೆನ್ನಾಗಿ ನಡೆಯುತ್ತದೆ. ಪ್ರತಿ ಆಂಟೆನಾ ಮಿಕ್ಕವುಗಳ ಮೇಲೆ ಎಷ್ಟು ಪ್ರಭಾವ ಬೀರುತ್ತದೆ ಅಂತ ಅಳೆದು ಒಂದು ಮ್ಯಾಟ್ರಿಕ್ಸ್ ಮಾಡಿಕೊಂಡು, ಬಂದ ಸಿಗ್ನಲ್‌ಗಳನ್ನು ಅದರ ವಿಲೋಮದಿಂದ ಗುಣಿಸಿದರೆ ದಿಕ್ಕಿನ ತಪ್ಪು ಸರಿಹೋಗುತ್ತದೆ. ಆದರೆ ಆಂಟೆನಾದಿಂದ ವಾಪಸ್ ಹೋದ ಶಕ್ತಿಯನ್ನು ಯಾವ ಸಾಫ್ಟ್‌ವೇರೂ ಮರಳಿ ತರಲಾರದು. ಕಳಿಸುವ ಕಡೆ ಆಂಪ್ಲಿಫೈಯರ್ ಅನುಭವಿಸುವ ಕಷ್ಟವೂ ಹಾಗೇ ಉಳಿಯುತ್ತದೆ.

ಒಂದು ಘಟನೆ ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯ ಚಿಕ್ಕ ಉಪಕರಣಕ್ಕೆ ಎರಡು ಆಂಟೆನಾ ಕೂರಿಸುವ ಕೆಲಸದಲ್ಲಿದ್ದೆ. ನಡುವೆ ಒಂದು ಅಂಕುಡೊಂಕಾದ ತಾಮ್ರದ ಪಟ್ಟಿ ಹಾಕಿದೆವು. ಐಸೊಲೇಶನ್ ಬಹಳ ಸುಧಾರಿಸಿತು, ಅಂದರೆ ಕಪ್ಲಿಂಗ್ ಬಹಳ ಇಳಿಯಿತು. ಎಲ್ಲರಿಗೂ ಖುಷಿ. ಆದರೆ ಉಪಕರಣದ ಸಂಪರ್ಕ ಮೊದಲಿಗಿಂತ ಕಡಿಮೆ ದೂರಕ್ಕೇ ಕಡಿದುಹೋಗುತ್ತಿತ್ತು. ವಾರಗಟ್ಟಲೆ ಕಾರಣ ಹೊಳೆಯಲಿಲ್ಲ. ಕೊನೆಗೆ ಒಟ್ಟು ದಕ್ಷತೆ ಅಳೆದಾಗ ಗೊತ್ತಾಯಿತು. ಪಟ್ಟಿ ಆ ಫ್ರೀಕ್ವೆನ್ಸಿಯಲ್ಲೇ ಅನುರಣಿಸುತ್ತಿತ್ತು, ಅಗ್ಗದ ಬೋರ್ಡಿನಲ್ಲಿ ಶಕ್ತಿಯನ್ನೆಲ್ಲ ಶಾಖ ಮಾಡುತ್ತಿತ್ತು. ಶಕ್ತಿ ನೆರೆಯವನಿಗೆ ಹೋಗಲಿಲ್ಲ ನಿಜ. ಹೊರಗೂ ಹೋಗಲಿಲ್ಲ. ಕೊಟ್ಟ ಒಂದು ವ್ಯಾಟ್‌ನಲ್ಲಿ ವಾಪಸ್ ಎಷ್ಟು, ನೆರೆಗೆ ಎಷ್ಟು, ಶಾಖಕ್ಕೆ ಎಷ್ಟು, ಹೊರಗೆ ಎಷ್ಟು ಅನ್ನುವ ನಾಲ್ಕೂ ಲೆಕ್ಕ ಇಲ್ಲದೆ ಐಸೊಲೇಶನ್ ಸಂಖ್ಯೆಯೊಂದನ್ನೇ ನಂಬುವುದನ್ನು ನಾನು ಅಂದಿಗೇ ಬಿಟ್ಟೆ.

ಕಪ್ಲಿಂಗ್ ಯಾವಾಗಲೂ ಶತ್ರು ಅಂತಲೂ ಅಂದುಕೊಳ್ಳಬೇಡಿ. 1926ರಲ್ಲಿ ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಶಿಂತಾರೊ ಉದಾ ಮತ್ತು ಹಿದೆತ್ಸುಗು ಯಾಗಿ ಪ್ರಕಟಿಸಿದ ಆಂಟೆನಾ ನಿಮಗೆಲ್ಲ ಗೊತ್ತು. ಮನೆಗಳ ಮೇಲೆ ಟೀವಿಗೆ ಹಾಕುತ್ತಿದ್ದ ಕಡ್ಡಿಗಳ ಆಂಟೆನಾ. ಅದರಲ್ಲಿ ತಂತಿ ಜೋಡಿಸುವುದು ಒಂದೇ ಕಡ್ಡಿಗೆ. ಮಿಕ್ಕವೆಲ್ಲ ಕಪ್ಲಿಂಗ್‌ನಿಂದಲೇ ಕೆಲಸ ಮಾಡುತ್ತವೆ. ಡೈಪೋಲ್‌ಗಳ ತುದಿಗಳನ್ನು ಬೇಕಂತಲೇ ಒತ್ತೊತ್ತಾಗಿ ಇಟ್ಟು, ಆ ಕಪ್ಲಿಂಗ್‌ನಿಂದಲೇ ಬಹಳ ಅಗಲವಾದ ಫ್ರೀಕ್ವೆನ್ಸಿ ಹರವು ಪಡೆಯುವ ಅರೇಗಳೂ ಇವೆ. ಹೆರಾಲ್ಡ್ ವೀಲರ್ 1965ರಲ್ಲಿ ವಿವರಿಸಿದ, ಇಡೀ ಅರೇಯನ್ನು ಕರೆಂಟ್ ಹರಿಯುವ ಒಂದೇ ಹಾಳೆಯಂತೆ ನೋಡುವ ಕಲ್ಪನೆ ಅವುಗಳ ಬೇರು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕಟ್ಟುತ್ತಿರುವ ಎಸ್‌ಕೆಎ-ಲೋ ರೇಡಿಯೋ ದೂರದರ್ಶಕದ ಯೋಜನೆಯಲ್ಲಿ 1,31,072 ಆಂಟೆನಾಗಳಿವೆ. 512 ಗುಂಪು, ಗುಂಪಿಗೆ 256. ಅವನ್ನು ನೇರ ಸಾಲುಗಳಲ್ಲಿ ನೆಡದೆ ಅಡ್ಡಾದಿಡ್ಡಿಯಾಗಿ ಹರಡುತ್ತಾರೆ. ಹಾಗೆ ಮಾಡಿದರೆ ನೆರೆಯವರ ಪ್ರಭಾವ ಪ್ರತಿ ಆಂಟೆನಾಗೂ ಬೇರೆ ಬೇರೆಯಾಗಿರುತ್ತದೆ. ಎಲ್ಲವೂ ಒಂದೇ ಕೋನದಲ್ಲಿ ಒಟ್ಟಾಗಿ ಕೂಡಿಕೊಳ್ಳುವುದು ತಪ್ಪುತ್ತದೆ. ನಾಲ್ಕು ನೆರೆಯವರ ಲೆಕ್ಕ ನೆನಪಿದೆಯಲ್ಲ? ಕಪ್ಲಿಂಗ್ ಇಳಿಯಲಿಲ್ಲ, ಅದರ ಒಗ್ಗಟ್ಟು ಮುರಿಯಿತು.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು. ‘ಸಿಮ್ಯುಲೇಶನ್‌ನಲ್ಲಿ ಕಪ್ಲಿಂಗ್ ಮೈನಸ್ 40 ಡೆಸಿಬೆಲ್ ಬರುತ್ತದೆ ಸರ್, ಬೋರ್ಡ್ ಮಾಡಿ ಅಳೆದರೆ ಮೈನಸ್ 18. ಎಲ್ಲಿ ತಪ್ಪಿರಬಹುದು?’ ಬೋರ್ಡನ್ನು ಬೈಯುವ ಮೊದಲು ಕೇಬಲ್ ನೋಡಿ ಅಂದೆ. ಚಿಕ್ಕ ಬೋರ್ಡಿಗೆ ಎರಡು ಕೇಬಲ್ ಹಾಕಿದರೆ ಅವುಗಳ ಹೊರಮೈ ಮೇಲೂ ಕರೆಂಟ್ ಓಡುತ್ತದೆ. ಅದು ಸಿಮ್ಯುಲೇಶನ್‌ನಲ್ಲಿ ಇಲ್ಲದ ಐದನೇ ದಾರಿ. ಅಳತೆ ನಡೆಯುತ್ತಿರುವಾಗಲೇ ಕೇಬಲ್ಲನ್ನು ಮುಷ್ಟಿಯಲ್ಲಿ ಹಿಡಿದು ನಿಧಾನವಾಗಿ ಕೈ ಸರಿಸಿ. ಪರದೆಯ ಮೇಲಿನ ಗೆರೆ ಕೈ ಜೊತೆ ಅಲುಗಿದರೆ ಕೇಬಲ್ ಕೂಡ ನಿಮ್ಮ ಆಂಟೆನಾದ ಭಾಗವಾಗಿದೆ. ಹೊರಮೈ ಕರೆಂಟನ್ನು ತಡೆಯುವ ಫೆರೈಟ್ ಉಂಗುರ ಹಾಕಿ ಮತ್ತೆ ಅಳೆಯಿರಿ.